ಮೂರು ದಿನ ಮನೆಯಲ್ಲಿ

2020ರ ಜೂನ್‌ನಲ್ಲಿ ಚೆನ್ನೈನ ರಾಯಪುರಂ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅಲ್ಲಿನ ಸರ್ಕಾರಿ ಮಕ್ಕಳ ಆಶ್ರಯಧಾಮವೊಂದರಲ್ಲಿದ್ದ 35 ಮಕ್ಕಳಿಗೆ ಕೊರೊನಾ ಸೋಂಕು ತಗಲಿತ್ತು. ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿದ್ದ ಪ್ರಕರಣದಲ್ಲಿ ಜೂನ್ 11ರಂದು ತಮಿಳುನಾಡು ಸರ್ಕಾರದಿಂದ ಈ ಬಗ್ಗೆ ವರದಿ ಕೇಳಿತು. ಅದಕ್ಕೂ ಎರಡು ತಿಂಗಳು ಮೊದಲು, ಏಪ್ರಿಲ್ 3ರಂದು, ಅದೇ ಕೋರ್ಟ್ ದೇಶದ ಇಂಥ ಧಾಮಗಳಿಗೆಲ್ಲ ಸೂಚನೆ ಕೊಟ್ಟಿತ್ತು. ಕಾಯಿಲೆಯ ಲಕ್ಷಣವಿರುವವರು ಒಳಗೆ ಬರಬಾರದು, ಮಕ್ಕಳ ನಡುವೆ ಅಂತರವಿರಬೇಕು, ಕೈ ತೊಳೆಸಬೇಕು, ಸಾಧ್ಯವಿದ್ದರೆ ಮಗುವನ್ನು ಮನೆಯವರ ಬಳಿ ಕಳುಹಿಸಬಹುದೇ ಎಂದು ಪರಿಶೀಲಿಸಬೇಕು.

ಸೂಚನೆಗಳಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೆ ಉಸಿರಿನಿಂದ ಹರಡುವ ಯಾವ ಕಾಯಿಲೆಯ ಬಗ್ಗೆ ಯಾರು ಸಲಹೆ ಬರೆದರೂ ಅದರಲ್ಲಿ ಒಂದು ಪದ ತಪ್ಪದೆ ಬರುತ್ತದೆ: ಮನೆ. ಹುಷಾರಿಲ್ಲದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬ ದೊಡ್ಡವರು ಇರುತ್ತಾರೆ, ಅವರು ಇದ್ದರೆ ಅಂದಿನ ಊಟಕ್ಕೆ ತೊಂದರೆಯಾಗುವುದಿಲ್ಲ ಎಂದು ಸಲಹೆ ಬರೆದವರು ಹೇಳದೆಯೇ ಒಪ್ಪಿಕೊಂಡಿರುತ್ತಾರೆ. ಆಶ್ರಯಧಾಮದ ಹುಡುಗರಿಗೆ ಆ ಧಾಮವೇ ಮನೆ. ಅದೇ ರಾಯಪುರಂನ ಗಲ್ಲಿಗಳ ಅಂಗನವಾಡಿ ಮಕ್ಕಳಿಗೆ ಮನೆ ಇದೆ. ಆದರೆ ಬೆಳಿಗ್ಗೆ ಎಂಟರಿಂದ ಸಂಜೆಯ ತನಕ ಅದಕ್ಕೆ ಬೀಗ ಹಾಕಿರುತ್ತದೆ.

ಕೊರೊನಾದ ಗದ್ದಲ ಮುಗಿಯಿತು. ಫ್ಲೂ ಮಾತ್ರ ಪ್ರತಿ ವರ್ಷ ತನ್ನ ಪಾಡಿಗೆ ಬರುತ್ತದೆ. ಅದಕ್ಕೆ ಕೋರ್ಟಿಲ್ಲ, ವರದಿಯಿಲ್ಲ, ಪತ್ರಿಕೆಯಲ್ಲಿ ಜಾಗವೂ ಇಲ್ಲ.

ಬೆಂಗಳೂರಿನವರಿಗೆ ರಾಯಪುರಂ ಈಗ ಅಪರಿಚಿತ. ಹಿಂದೆ ಹಾಗಿರಲಿಲ್ಲ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ಹೊರಟದ್ದು ರಾಯಪುರಂ ನಿಲ್ದಾಣದಿಂದ. 1864ರಲ್ಲಿ ಬೆಂಗಳೂರಿನ ದಂಡಿಗೆ ರೈಲು ಬಂದಾಗ ಮದ್ರಾಸಿನ ತುದಿಯಲ್ಲಿದ್ದ ನಿಲ್ದಾಣವೂ ಇದೇ. ಸೆಂಟ್ರಲ್ ತೆರೆದದ್ದು 1873ರಲ್ಲಿ. ಈಗ ಆ ಹಳೆಯ ಕಂಬಗಳ ಕಟ್ಟಡವನ್ನು ನೋಡಲು ಹೋಗುವವರು ರೈಲಿನ ಇತಿಹಾಸದ ಹುಚ್ಚಿನವರು ಮಾತ್ರ. ಬಡಾವಣೆಯ ಒಂದು ಮಗ್ಗುಲಿಗೆ ಬಂದರು, ಇನ್ನೊಂದು ಮಗ್ಗುಲಿಗೆ ಕಾಸಿಮೇಡಿನ ಮೀನುಗಾರಿಕಾ ಬಂದರು, ನಡುವೆ ಇಕ್ಕಟ್ಟಾದ ಮನೆಗಳು, ಹತ್ತಿರದಲ್ಲೇ ಸ್ಟ್ಯಾನ್ಲಿ ಆಸ್ಪತ್ರೆ. ಕೊರೊನಾದ ಮೊದಲ ಬೇಸಿಗೆಯಲ್ಲಿ ಚೆನ್ನೈ ಪಾಲಿಕೆಯ ವಲಯಗಳಲ್ಲೇ ಅತಿ ಹೆಚ್ಚು ಪ್ರಕರಣ ಕಂಡದ್ದು ರಾಯಪುರಂ ವಲಯ. ಜನ ಅಶಿಸ್ತಿನವರು ಎಂಬ ಮಾತು ಆಗ ಸುಲಭವಾಗಿ ಬಂತು. ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಮನೆಗೆ ಆರಡಿ ಅಂತರದ ಶಿಸ್ತು ಎಲ್ಲಿಂದ ಬರಬೇಕು?

ಕಾಸಿಮೇಡಿನ ಮೀನಿನ ಹರಾಜು ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಮೀನು ಮಾರುವ ಹೆಂಗಸರು ಕತ್ತಲಲ್ಲೇ ಬಂದು, ಕೂಗಿ ಕೊಂಡು, ಬುಟ್ಟಿ ತುಂಬಿಕೊಂಡು ಮಾರುಕಟ್ಟೆಗೋ ಬೀದಿಗೋ ಹೊರಡುತ್ತಾರೆ. ಕೊಂಡ ಮೀನು ಮಧ್ಯಾಹ್ನದೊಳಗೆ ಮಾರಿಹೋಗಬೇಕು. ಉಳಿದರೆ ಮಂಜುಗಡ್ಡೆಯ ಖರ್ಚು, ಮಾರನೆಯ ದಿನ ಅರ್ಧ ಬೆಲೆ. ಈ ಕಸುಬಿನಲ್ಲಿ ರಜೆ ಎಂಬುದಕ್ಕೆ ಒಂದೇ ಅರ್ಥ, ಏಪ್ರಿಲ್ 15ರಿಂದ ಜೂನ್ 14ರ ತನಕ ಯಾಂತ್ರಿಕ ದೋಣಿಗಳಿಗೆ ಇರುವ 61 ದಿನಗಳ ನಿಷೇಧ. ಮೀನಿನ ಸಂತಾನಕ್ಕೆಂದು ಇರುವ ರಜೆ ಅದು. ಮನುಷ್ಯರ ಸಂತಾನಕ್ಕೆ ಜ್ವರ ಬಂದರೆ ಅಂಥದ್ದೇನೂ ಇಲ್ಲ.

ಹೀಗಾಗಿ ರಾತ್ರಿ ಮೈ ಬಿಸಿಯಾದ ಮಗುವಿಗೆ ಬೆಳಿಗ್ಗೆ ಒಂದು ಚಮಚ ಪ್ಯಾರಾಸಿಟಮಾಲ್ ಸಿರಪ್ ಬೀಳುತ್ತದೆ. ಅಜ್ಜಿಯೋ ಅಕ್ಕನೋ ಅದನ್ನು ಅಂಗನವಾಡಿಯ ಬಾಗಿಲಿಗೆ ತಂದು ಬಿಡುವಾಗ ಮೈ ತಣ್ಣಗಿರುತ್ತದೆ. ಸಿರಪ್ಪಿನ ಬಲ ನಾಲ್ಕರಿಂದ ಆರು ಗಂಟೆ. ಹನ್ನೊಂದರ ಹೊತ್ತಿಗೆ ಮಗು ಮೂಲೆಯಲ್ಲಿ ಮುದುರಿಕೊಳ್ಳುತ್ತದೆ, ಕೆನ್ನೆ ಕೆಂಪಾಗುತ್ತದೆ. ಅಷ್ಟರಲ್ಲಿ ಅದು ಇತರ ಮಕ್ಕಳ ಜೊತೆ ಒಂದೇ ಚೆಂಡು ಆಡಿ, ಒಂದೇ ಗೊಂಬೆಯ ಕಿವಿ ಕಚ್ಚಿ, ಒಂದೇ ಲೋಟದಲ್ಲಿ ನೀರು ಕುಡಿದಾಗಿರುತ್ತದೆ. ಇದು ರಾಯಪುರಂಗೆ ಮಾತ್ರ ಸೀಮಿತವಾದ ಜಾಣತನವಲ್ಲ. ವೈಟ್‌ಫೀಲ್ಡ್‌ನ ದುಬಾರಿ ಡೇಕೇರ್‌ಗಳಲ್ಲೂ ಇದೇ ಸಿರಪ್ಪು, ಇದೇ ಹನ್ನೊಂದು ಗಂಟೆ. ಅಲ್ಲಿ ಫೋನು ಹೋಗುತ್ತದೆ, ಕಾರು ಬರುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಶಿಶುಪಾಲನಾ ಕೇಂದ್ರಗಳಿಗೆ ವೈದ್ಯರು ಹೇಳುವ ನಿಯಮದಲ್ಲಿ ಒಂದು ಷರತ್ತು ಸೇರಿಸಿರುತ್ತಾರೆ: ಔಷಧವಿಲ್ಲದೆಯೇ ಜ್ವರ ಬಿಟ್ಟು 24 ಗಂಟೆಯಾಗಿರಬೇಕು. ಇಡೀ ನಿಯಮದ ಜೀವ ಇರುವುದು ‘ಔಷಧವಿಲ್ಲದೆಯೇ’ ಎಂಬಲ್ಲಿ.

ಫ್ಲೂ ಎಂದರೆ ನೆಗಡಿಯ ದೊಡ್ಡಣ್ಣನಲ್ಲ, ಅದು ಬೇರೆಯದೇ ವೈರಸ್. ನೆಗಡಿ ಔಷಧ ತೆಗೆದುಕೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎಂಬ ಹಳೆಯ ತಮಾಷೆ ಇಲ್ಲಿ ನಡೆಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಕೆಲವೊಮ್ಮೆ ಶ್ವಾಸಕೋಶಕ್ಕೆ ಇಳಿಯುತ್ತದೆ. 2018ನೇ ಇಸವಿಯ ಬಗ್ಗೆ ಸಂಶೋಧಕರು ಮಾಡಿರುವ ಅಂದಾಜಿನಂತೆ ಜಗತ್ತಿನಲ್ಲಿ ಈ ವಯಸ್ಸಿನವರಿಗೆ ಆ ಒಂದು ವರ್ಷದಲ್ಲಿ ಸುಮಾರು 10.9 ಕೋಟಿ ಬಾರಿ ಫ್ಲೂ ಬಂತು. ಅದರಿಂದಾದ ಶ್ವಾಸಕೋಶದ ಸೋಂಕಿಗೆ 34,800ರ ತನಕ ಮಕ್ಕಳು ಸತ್ತಿರಬಹುದು. ಆಸ್ಪತ್ರೆಯಲ್ಲಿ ಆದ ಸಾವುಗಳಲ್ಲಿ ಹೆಚ್ಚಿನವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಸೋಂಕು ತಗಲಿದ ಸುಮಾರು ಎರಡು ದಿನಕ್ಕೆ ಲಕ್ಷಣ ಕಾಣಿಸುತ್ತದೆ. ಕಾಣಿಸುವ ಹಿಂದಿನ ದಿನದಿಂದಲೇ ಮಗು ವೈರಸ್ ಹರಡಲು ಶುರುಮಾಡಿರುತ್ತದೆ. ಅಂದರೆ ಬಾಗಿಲಲ್ಲಿ ನಿಂತು ಎಷ್ಟೇ ಕಟ್ಟುನಿಟ್ಟಾಗಿ ಹಣೆ ಮುಟ್ಟಿ ನೋಡಿದರೂ ಎಲ್ಲವನ್ನೂ ತಡೆಯಲಾಗದು. ಹಾಗಾದರೆ ಹುಷಾರಿಲ್ಲದ ಮಗುವನ್ನು ಮನೆಯಲ್ಲಿಟ್ಟು ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನವಿದೆ. ವೈರಸ್ ಅತಿ ಹೆಚ್ಚು ಹೊರಬರುವುದು ಜ್ವರದ ಮೊದಲ ಮೂರು ದಿನಗಳಲ್ಲಿ. ದೊಡ್ಡವರು ಐದರಿಂದ ಏಳು ದಿನ ಹರಡಿದರೆ ಪುಟ್ಟ ಮಕ್ಕಳು ಹತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹರಡುತ್ತಾರೆ. ಹತ್ತು ದಿನ ಮನೆಯಲ್ಲಿಡಿ ಎಂದು ಯಾರಿಗೂ ಹೇಳಲಾಗದು. ಆ ಮೊದಲ ಮೂರು ದಿನ ಸಿಕ್ಕರೆ ಗೆದ್ದಂತೆ.

ಮೂರು ದಿನ ಎಂದರೆ ಮೂರು ಬುಟ್ಟಿ ಮೀನು.

ಇದೇ ಕಡಲತೀರದಲ್ಲಿ ಫ್ಲೂವನ್ನು ತಡೆದು ನಿಲ್ಲಿಸಲು ಒಮ್ಮೆ ದೊಡ್ಡ ಪ್ರಯತ್ನವೇ ನಡೆದಿತ್ತು. 1957ರಲ್ಲಿ ಪೂರ್ವ ಏಷ್ಯಾದಿಂದ ಹೊಸ ಬಗೆಯ ಇನ್‌ಫ್ಲುಯೆಂಜಾ ಹೊರಟಿತ್ತು. ಮೇ ತಿಂಗಳ ನಡುವೆ ಸಿಂಗಪುರದ ಕಡೆಯಿಂದ ಪ್ರಯಾಣಿಕರನ್ನು ಹೊತ್ತ ಹಡಗೊಂದು ಮದ್ರಾಸ್ ಬಂದರಿಗೆ ಬಂದಾಗ ಅದರಲ್ಲಿ ಹಲವರು ಜ್ವರದಲ್ಲಿ ಮಲಗಿದ್ದರು. ಕಾಯಿಲೆಯವರನ್ನು ಬೇರೆ ಇಟ್ಟರು, ಆರೈಕೆಗೆ ದಾದಿಯರನ್ನು ಹಾಕಿದರು. ಜ್ವರ ಊರಿಗೆ ನುಗ್ಗಿತು. ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ಸನ್ನು ಗುರುತಿಸುವ ಕೆಲಸ ನಡೆಯುವಾಗಲೇ ಅದು ರೈಲು ಹತ್ತಿ ದೇಶ ಸುತ್ತುತ್ತಿತ್ತು. 1958ರ ಫೆಬ್ರವರಿಯ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ಪ್ರಕರಣಗಳು ಸುಮಾರು 44 ಲಕ್ಷ, ಸಾವು ಸುಮಾರು 1,100. ಲೆಕ್ಕಕ್ಕೆ ಸಿಗದವು ಎಷ್ಟೋ. ಒಂದು ಹಡಗನ್ನು ಸಮುದ್ರದಲ್ಲೇ ನಿಲ್ಲಿಸುವ ಅಧಿಕಾರ ಬಂದರಿಗಿದೆ, ಹಡಗಿಗೆ ಹಳದಿ ಬಾವುಟ ಇದೆ. ಅಂಗನವಾಡಿಯ ಬಾಗಿಲಲ್ಲಿ ನಿಂತ ಕಾರ್ಯಕರ್ತೆಗೆ ಬಾವುಟವೂ ಇಲ್ಲ, ಮಗುವನ್ನು ವಾಪಸ್ ಕಳುಹಿಸಿದರೆ ಅದು ಹೋಗುವುದಾದರೂ ಎಲ್ಲಿಗೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿರುತ್ತದೆ. ಎಂಟು ವರ್ಷದ ಅಕ್ಕ ಶಾಲೆ ಬಿಟ್ಟು ಕೂರುತ್ತಾಳೆ. ಇಲ್ಲವೇ ಮಗು ಅಮ್ಮನ ಬುಟ್ಟಿಯ ಪಕ್ಕ, ಮಾರುಕಟ್ಟೆಯ ಒದ್ದೆ ನೆಲದಲ್ಲಿ.

ಒಳಗೆ ಸೇರಿಸಿಕೊಂಡ ಮೇಲೆ ಕೋಣೆಯಲ್ಲಿ ಮಾಡಬಹುದಾದ್ದು ಇಲ್ಲವೆಂದಲ್ಲ. ಮೊದಲನೆಯದು ಸಾಬೂನು. ಕರಾಚಿಯ ಕೊಳೆಗೇರಿಗಳಲ್ಲಿ ಸ್ಟೀಫನ್ ಲೂಬಿ ಮತ್ತವರ ಜೊತೆಗಾರರು ನಡೆಸಿದ ಪ್ರಯೋಗವೊಂದು 2005ರಲ್ಲಿ ಪ್ರಕಟವಾಯಿತು. ಮನೆಗಳಿಗೆ ವಾರವಾರ ಹೋಗಿ, ಸಾಬೂನು ಕೊಟ್ಟು, ಕೈ ತೊಳೆಯುವುದನ್ನು ಹೇಳಿಕೊಟ್ಟರು. ಆ ಮನೆಗಳ ಐದು ವರ್ಷದೊಳಗಿನ ಮಕ್ಕಳಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿಯಿತು, ಭೇದಿಯೂ ಅಷ್ಟೇ. ಔಷಧಿ ಸೇರಿಸಿದ ಸಾಬೂನಿಗೂ ಮಾಮೂಲಿ ಸಾಬೂನಿಗೂ ವ್ಯತ್ಯಾಸವೇ ಕಾಣಲಿಲ್ಲ. ಕರಾಚಿಯೂ ಬಂದರು, ಅಲ್ಲಿನ ಗಲ್ಲಿಗಳೂ ಇಂಥವೇ. ಆದರೆ ಅಲ್ಲಿ ಸಾಬೂನನ್ನು ಯಾರೋ ಪ್ರತಿ ವಾರ ತಂದುಕೊಡುತ್ತಿದ್ದರು ಎಂಬುದನ್ನು ಮರೆಯಬಾರದು. ‘ಕೈ ತೊಳೆಯಿರಿ’ ಎಂಬ ಬಣ್ಣದ ಚಿತ್ರ ಗೋಡೆಯಲ್ಲಿದ್ದು, ಅದರ ಕೆಳಗಿನ ನಲ್ಲಿ ದಿನಕ್ಕೆ ಒಂದು ಗಂಟೆ ಮಾತ್ರ ಬರುವುದಾದರೆ ಆ ಚಿತ್ರ ಅಣಕದಂತೆ ಕಾಣುತ್ತದೆ.

ಒಂದು ಸಣ್ಣ ವಿವರ. ಸ್ಟೀಲ್, ಪ್ಲಾಸ್ಟಿಕ್‌ನಂಥ ನುಣುಪು ಮೇಲ್ಮೈಯಲ್ಲಿ ಫ್ಲೂ ವೈರಸ್ 24ರಿಂದ 48 ಗಂಟೆ ಬದುಕಬಲ್ಲದು. ಬಟ್ಟೆ, ಕಾಗದಗಳ ಮೇಲೆ ಹೆಚ್ಚೆಂದರೆ 8ರಿಂದ 12 ಗಂಟೆ. ಕೈಯ ಮೇಲೆ ಐದು ನಿಮಿಷ. ಹಾಗಾಗಿ ಮನೆಯಲ್ಲಿ ಹೊಲಿದ ಬಟ್ಟೆಯ ಗೊಂಬೆ ದಾನವಾಗಿ ಬಂದ ಪ್ಲಾಸ್ಟಿಕ್ ಕಾರಿಗಿಂತ ಈ ವಿಷಯದಲ್ಲಿ ವಾಸಿ. ಸ್ಟೀಲ್ ಲೋಟಗಳನ್ನು ಮಾತ್ರ ಮಕ್ಕಳಿಗೆ ತಕ್ಕಂತೆ ಬೇರೆ ಬೇರೆ ಇಟ್ಟು, ತೊಳೆದು, ಬಿಸಿಲಿಗೆ ಕವುಚಿಡಬೇಕು. ಅಜ್ಜಿಯರು ಪಾತ್ರೆಯನ್ನು ಬಿಸಿಲಿಗೆ ಇಡುತ್ತಿದ್ದುದು ಇದಕ್ಕಲ್ಲದಿದ್ದರೂ ಇದಕ್ಕೂ ಆಗುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲೇ ಹೇಳಿವೆ. ಹಾಕಿದರೂ ಅದು ಹತ್ತು ನಿಮಿಷದಲ್ಲಿ ಗಲ್ಲಕ್ಕೆ, ಇಪ್ಪತ್ತು ನಿಮಿಷದಲ್ಲಿ ಪಕ್ಕದ ಮಗುವಿನ ಬಾಯಿಗೆ. ಮಾಸ್ಕ್ ಹಾಕಬೇಕಾದವರು ಕೆಮ್ಮುವ ದೊಡ್ಡವರು. ಮಧ್ಯಾಹ್ನ ಮಕ್ಕಳನ್ನು ಮಲಗಿಸುವಾಗ ಒಂದು ಮಗುವಿನ ತಲೆ ಇದ್ದ ಕಡೆ ಪಕ್ಕದ ಮಗುವಿನ ಕಾಲು ಬರುವಂತೆ ಚಾಪೆ ಹಾಸಿದರೆ ಖರ್ಚಿಲ್ಲದೆ ಮುಖಗಳ ನಡುವೆ ಎರಡು ಮೂರು ಅಡಿ ಸಿಗುತ್ತದೆ. ಕಿಟಕಿಗಳನ್ನು ತೆರೆದಿಡಬೇಕು. ಮಳೆಗಾಲದಲ್ಲಿ ಇದೇ ಕಷ್ಟ, ಮತ್ತು ಚೆನ್ನೈನಲ್ಲಿ ಫ್ಲೂ ಬರುವುದೇ ಮಳೆಯ ಜೊತೆ.

ಇದು ಕರ್ನಾಟಕದ ಓದುಗರು ಗಮನಿಸಬೇಕಾದ ಮಾತು. ಭಾರತದ ಬಹುಪಾಲು ಊರುಗಳಲ್ಲಿ ಫ್ಲೂ ಏರುವುದು ಜುಲೈನಿಂದ ಸೆಪ್ಟೆಂಬರ್, ನೈಋತ್ಯ ಮುಂಗಾರಿನಲ್ಲಿ. ಶ್ರೀನಗರದಲ್ಲಿ ಜನವರಿಯಿಂದ ಮಾರ್ಚ್. ಚೆನ್ನೈ, ವೆಲ್ಲೂರುಗಳಲ್ಲಿ ಅಕ್ಟೋಬರ್–ನವೆಂಬರ್, ಈಶಾನ್ಯ ಮಾರುತ ಕಡಲನ್ನು ಕದಡುವ ಹೊತ್ತಿನಲ್ಲಿ. ದೇಶದ ವೈರಸ್ ಪ್ರಯೋಗಾಲಯಗಳ ಜಾಲ ವರ್ಷಗಟ್ಟಲೆ ಗಂಟಲದ್ರವ ಪರೀಕ್ಷಿಸಿ ಕಂಡುಕೊಂಡದ್ದು ಇದು. ಒಂದೇ ದೇಶಕ್ಕೆ ಒಂದೇ ಲಸಿಕೆಯ ತಿಂಗಳು ಹೊಂದುವುದಿಲ್ಲ.

ಲಸಿಕೆಯ ಮಾತು ಇಲ್ಲಿ ಬರಲೇಬೇಕು. ಮಕ್ಕಳಿಗೆ ಚುಚ್ಚಿದರೆ ಊರು ಉಳಿಯುತ್ತದೆ ಎಂಬುದನ್ನು ಕೆನಡಾದ ಹಟರೈಟ್ ಸಮುದಾಯದಲ್ಲಿ ನಡೆದ ಪ್ರಯೋಗ ಚೆನ್ನಾಗಿ ತೋರಿಸಿತು. ಹೊರಜಗತ್ತಿನಿಂದ ದೂರವಿದ್ದು ಕೂಡಿ ಬಾಳುವ ಈ ಜನರ 49 ಕಾಲೊನಿಗಳಲ್ಲಿ ಮೂರರಿಂದ ಹದಿನೈದು ವರ್ಷದ ಮಕ್ಕಳಿಗೆ ಅರ್ಧ ಕಡೆ ಫ್ಲೂ ಲಸಿಕೆ, ಉಳಿದ ಕಡೆ ಬೇರೊಂದು ಲಸಿಕೆ ಕೊಟ್ಟರು. ಫ್ಲೂ ಲಸಿಕೆ ಕೊಟ್ಟಲ್ಲಿ, ಲಸಿಕೆಯನ್ನೇ ಪಡೆಯದ ದೊಡ್ಡವರಿಗೂ ಸುಮಾರು 60 ಶೇಕಡಾ ರಕ್ಷಣೆ ಸಿಕ್ಕಿತು. 2010ರಲ್ಲಿ ಬಂದ ಈ ಫಲಿತಾಂಶವನ್ನು ತಿರುಗಿಸಿ ಓದಿದರೆ, ಫ್ಲೂವನ್ನು ಮನೆಮನೆಗೆ ಮುಟ್ಟಿಸುವ ಅಂಚೆಯಣ್ಣ ಪುಟ್ಟ ಮಗು ಎಂದಾಯಿತು. ವಿಶ್ವ ಆರೋಗ್ಯ ಸಂಸ್ಥೆ ಆದ್ಯತೆಯ ಪಟ್ಟಿಯಲ್ಲಿ ಆರು ತಿಂಗಳಿಂದ ಐದು ವರ್ಷದವರನ್ನು ಸೇರಿಸಿದೆ, ಭಾರತದ ಮಕ್ಕಳ ವೈದ್ಯರ ಸಂಘವೂ ಈ ವಯಸ್ಸಿಗೆ ಪ್ರತಿ ವರ್ಷ ಕೊಡಿಸಲು ಹೇಳುತ್ತದೆ. ಆದರೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಅದು ಇಲ್ಲ. ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಡೋಸ್‌ಗೆ ಸಾವಿರ ರೂಪಾಯಿಯ ಮೇಲೆಯೇ. ಮೊದಲ ಸಲವಾದರೆ ಪುಟ್ಟ ಮಕ್ಕಳಿಗೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಮತ್ತೆ ಪ್ರತಿ ವರ್ಷ ಒಂದು. ಮೀನಿನ ಬುಟ್ಟಿಯ ಮನೆಯಲ್ಲಿ ಈ ಲೆಕ್ಕ ಮುಂದೆ ಹೋಗುವುದಿಲ್ಲ. ಕೊಡುವುದೇ ಆದರೆ ಕಾರ್ಯಕರ್ತೆ ಮತ್ತು ಸಹಾಯಕಿಗಾದರೂ ಮೊದಲು ಕೊಡಲಿ ಎಂಬ ಸಣ್ಣ ಬೇಡಿಕೆ ನ್ಯಾಯವಾದದ್ದು. ಇಡೀ ಕೋಣೆಯಲ್ಲಿ ಪ್ರತಿ ಮಗುವನ್ನೂ ದಿನವೂ ಮುಟ್ಟುವವರು ಅವರಿಬ್ಬರೇ. ಅವರಿಗೆ ಜ್ವರ ಬಂದರೆ ಬದಲಿಗೆ ಬರುವವರಿಲ್ಲ, ಪಕ್ಕದ ಕೇಂದ್ರದವರಿಗೆ ಹೆಚ್ಚುವರಿ ಹೊಣೆ ಬೀಳುತ್ತದೆ. ಅದನ್ನು ನೆನೆದು ಕೆಮ್ಮುತ್ತಲೇ ಬಂದು ಕೂರುತ್ತಾರೆ.

ಕೆಲವು ಕಡೆ ಕಾಯಿಲೆ ಹೆಚ್ಚಾದಾಗ ಕೇಂದ್ರವನ್ನೇ ಮುಚ್ಚಿಬಿಡಿ ಎನ್ನುತ್ತಾರೆ. 2009ರ ಎಚ್1ಎನ್1 ಹಾವಳಿಯಲ್ಲಿ, ಆಗಸ್ಟ್‌ನಲ್ಲಿ, ಚೆನ್ನೈನಲ್ಲಿ ನಾಲ್ಕು ವರ್ಷದ ಮಗುವೊಂದು ತೀರಿಕೊಂಡಾಗ ಊರಿನ ಭಯಕ್ಕೆ ಕಾರಣವಿತ್ತು, ಮುಚ್ಚಿದ್ದಕ್ಕೂ ಅರ್ಥವಿತ್ತು. ಪ್ರತಿ ಮಳೆಗಾಲಕ್ಕೂ ಮುಚ್ಚಿದರೆ ಅದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅಂಗನವಾಡಿ ಎಂದರೆ ಆಟದ ಕೋಣೆ ಮಾತ್ರವಲ್ಲ. 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗಿನಿಂದ ಅದು ಊಟದ ಮನೆ. ಅಲ್ಲಿನ ಮೊಟ್ಟೆ, ಅಲ್ಲಿನ ಬಿಸಿ ಅನ್ನ ಎಷ್ಟೋ ಮಕ್ಕಳಿಗೆ ದಿನದ ಗಟ್ಟಿ ಊಟ. ಸರಿಯಾಗಿ ಉಣ್ಣದ ಮಗುವಿಗೆ ಫ್ಲೂ ಬಂದರೆ ಶ್ವಾಸಕೋಶಕ್ಕಿಳಿಯುವ ಅಪಾಯ ಹೆಚ್ಚು. ‘ಜ್ವರ ಇದ್ದರೆ ಬರಬೇಡ’ ಎಂಬುದು ಆ ಮಗುವಿನ ಮಟ್ಟಿಗೆ ‘ಜ್ವರ ಇದ್ದರೆ ಮೊಟ್ಟೆಯೂ ಇಲ್ಲ’ ಎಂದಾಗುತ್ತದೆ.

ಬೇರೆ ದೇಶಗಳು ಈ ಗಂಟನ್ನು ಹೇಗೆ ಬಿಡಿಸಿವೆ ನೋಡಿ. ಸ್ವೀಡನ್ನಿನಲ್ಲಿ ಮಗುವಿಗೆ ಹುಷಾರಿಲ್ಲದಿದ್ದರೆ ತಂದೆಯೋ ತಾಯಿಯೋ ಮನೆಯಲ್ಲಿರಬಹುದು. ಸಂಬಳದ ಸುಮಾರು 80 ಶೇಕಡಾ ಸರ್ಕಾರದ ವಿಮೆ ಕೊಡುತ್ತದೆ, ಒಂದು ಮಗುವಿಗೆ ವರ್ಷಕ್ಕೆ 120 ದಿನಗಳ ತನಕ. ಈ ರಜೆಗೆ ಅವರ ಭಾಷೆಯಲ್ಲಿ ‘ವಾಬ್’ ಎಂಬ ಚುಟುಕು ಹೆಸರು. ಫೆಬ್ರವರಿಯಲ್ಲಿ ಎಷ್ಟು ಜನ ಈ ರಜೆ ಹಾಕುತ್ತಾರೆಂದರೆ ಆ ತಿಂಗಳನ್ನೇ ‘ವಾಬ್ರುವಾರಿ’ ಎಂದು ತಮಾಷೆ ಮಾಡುತ್ತಾರೆ. ಜಪಾನಿನಲ್ಲಿ ಇನ್ನೊಂದು ದಾರಿ: ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳಲೆಂದೇ ಮಕ್ಕಳ ಕ್ಲಿನಿಕ್ಕಿಗೆ ಹೊಂದಿಕೊಂಡ ಕೋಣೆಗಳಿವೆ, ದಾದಿಯಿರುತ್ತಾಳೆ, ತಾಯಿ ಕೆಲಸಕ್ಕೆ ಹೋಗಬಹುದು. ಅಮೆರಿಕದ ಕೆಲವು ನಗರಗಳು ಸಂಬಳಸಹಿತ ಅನಾರೋಗ್ಯ ರಜೆಯನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಫ್ಲೂ ಮಾದರಿಯ ಜ್ವರ ಕಡಿಮೆಯಾಯಿತೆಂದು ಪಿಚ್ಲರ್ ಮತ್ತು ಜೀಬಾರ್ತ್ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ತೋರಿಸಿದರು. ಅಂದರೆ ರಜೆಯೂ ಒಂದು ಬಗೆಯ ಲಸಿಕೆ.

ಭಾರತದಲ್ಲೂ ಇಂಥ ರಜೆ ಇಲ್ಲವೆಂದಲ್ಲ. ಕೇಂದ್ರ ಸರ್ಕಾರಿ ನೌಕರಿಯ ತಾಯಿಗೆ 2008ರಿಂದ ಮಕ್ಕಳ ಆರೈಕೆಗೆಂದು ಇಡೀ ಸೇವಾವಧಿಯಲ್ಲಿ 730 ದಿನ ರಜೆ ಇದೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೋಣೆ ಇಡಬೇಕೆಂದು 2017ರ ತಿದ್ದುಪಡಿ ಹೇಳಿತು. ಮೀನು ಮಾರುವವಳು ಯಾವ ಸಂಸ್ಥೆಯ ನೌಕರಳೂ ಅಲ್ಲ. ಕರ್ನಾಟಕ ನರೇಗಾ ಕೂಲಿಯವರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ಒಳ್ಳೆಯ ಕೆಲಸ, ಹೆಸರೂ ಚೆಂದ. ಅಲ್ಲೂ ಕೂಸಿಗೆ ಜ್ವರ ಬಂದ ದಿನ ತಾಯಿ ಕೂಲಿ ಕಳೆದುಕೊಳ್ಳುತ್ತಾಳೆ, ಇಲ್ಲವೇ ಕೂಸು ಜ್ವರದಲ್ಲೇ ಬರುತ್ತದೆ.

ಸ್ವೀಡನ್ನಿನಷ್ಟು ದೂರ ಹೋಗಲಾಗದಿದ್ದರೂ ಮೊದಲ ಹೆಜ್ಜೆಗೆ ಹಣವೇನೂ ಹೆಚ್ಚು ಬೇಡ, ಮತ್ತು ಅದು ಆಗಲೇ ಒಮ್ಮೆ ನಡೆದದ್ದೇ. 2020ರ ಮಾರ್ಚ್‌ನಲ್ಲಿ ಅಂಗನವಾಡಿಗಳು ಮುಚ್ಚಿದಾಗ ಅಕ್ಕಿ, ಬೇಳೆ, ಮೊಟ್ಟೆ ಮಕ್ಕಳ ಮನೆಗೆ ಹೋದವು. ಅದೇ ಕಾರ್ಯಕರ್ತೆಯರು ಚೀಲ ಹೊತ್ತು ಗಲ್ಲಿ ಸುತ್ತಿದರು. ಜ್ವರದ ಮಗುವಿಗೆ ಮೂರು ದಿನ ಊಟ ಮನೆಗೆ ತಲುಪಿದರೆ, ಉಳಿದಿರುವ ಅಜ್ಜಿಯೋ ನೆರೆಯವಳೋ ಅದನ್ನು ಇಟ್ಟುಕೊಳ್ಳಲು ಒಪ್ಪುವ ಸಾಧ್ಯತೆ ಹೆಚ್ಚು. ಯಾಕೆಂದರೆ ಆಗ ಇನ್ನೊಂದು ಬಾಯಿಗೆ ಉಣಿಸುವ ಹೊರೆ ಅವರ ಮೇಲಿಲ್ಲ. ಊಟ ಕೊಡಲು ಹೋದ ಸಹಾಯಕಿ ಇನ್ನೊಂದು ಕೆಲಸವನ್ನೂ ಮಾಡಬಹುದು. ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಉಸಿರು ಎಣಿಸುವುದು. ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ವರ್ಷ ತುಂಬದ ಕೂಸು 50ಕ್ಕೆ ಮುಟ್ಟಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ನೀರೂ ಕುಡಿಯದೆ ಮಂಕಾಗಿದ್ದರೆ ಸ್ಟ್ಯಾನ್ಲಿ ಆಸ್ಪತ್ರೆಗೆ ಹೋಗಲು ಸಂಜೆಯ ತನಕ ಕಾಯಬಾರದು. ಇದಕ್ಕೆ ಬೇಕಾದ್ದು ಸೆಕೆಂಡು ಮುಳ್ಳಿರುವ ಒಂದು ಗಡಿಯಾರ.

ಕಾರ್ಯಕರ್ತೆಯರಿಗೆ ಇದು ಇನ್ನೊಂದು ಹೊರೆ ಎಂಬ ಆಕ್ಷೇಪ ಬಂದರೆ ಅದು ನಿಜ. ತೂಕ, ಎತ್ತರ, ಸಮೀಕ್ಷೆ, ಮೊಬೈಲ್ ಆ್ಯಪಿನಲ್ಲಿ ಹಾಜರಿ, ಎಲ್ಲವೂ ಆಗಲೇ ಇಬ್ಬರ ತಲೆಯ ಮೇಲಿದೆ. ಹಾಗಾಗಿ ಮೇಲಿನವರು ಒಂದು ಮಾತನ್ನು ಮೊದಲು ಬದಲಿಸಬೇಕಾಗುತ್ತದೆ: ಜ್ವರಕ್ಕೆ ಮನೆಯಲ್ಲುಳಿದ ಮಗುವಿನ ಪಾಲಿನ ಅಕ್ಕಿ, ಮೊಟ್ಟೆ ಆ ದಿನ ಖರ್ಚಾದದ್ದೇ ಎಂದು ಒಪ್ಪಿಕೊಳ್ಳುವುದು. ಅಕ್ಟೋಬರಿನ ಮೊದಲ ಮಳೆಗೆ ಮುಂಚೆ ಆ ಒಂದು ಸುತ್ತೋಲೆ ಬಂದರೂ ರಾಯಪುರಂನಲ್ಲಿ ಬೆಳಗಿನ ಸಿರಪ್ಪಿನ ಚಮಚಗಳು ಎಷ್ಟೋ ಕಡಿಮೆಯಾಗುತ್ತವೆ.